ಒಂದು ಗೇಣು ಎದೆ, ನಾನೂರು ಗಜ ದೂರ: ಕಣ್ಣಳತೆ ನಂಬಿ ಗುಂಡು ಹಾರಿಸುವುದು ಸರಿಯಲ್ಲ

ರಾತ್ರಿ ಊಟ ಮುಗಿಸಿ ಫೋನ್ ಹಿಡಿದು ಕೂತರೆ, ಟ್ರ್ಯಾಕ್ಟರ್ ವಿಡಿಯೋ, ಕುರಿ ಸಾಕಣೆ ವಿಡಿಯೋ ನೋಡ್ತಾ ನೋಡ್ತಾ ನಡುವೆ ಅಮೆರಿಕದ ಒಂದು ಬೇಟೆ ವಿಡಿಯೋ ಬಂದೇ ಬರುತ್ತೆ. ಹಿಮ ಬಿದ್ದ ಬಯಲು. ದೂರದಲ್ಲಿ ಚುಕ್ಕಿಯಂತೆ ಒಂದು ಪ್ರಾಣಿ. ಒಬ್ಬ ನೆಲಕ್ಕೆ ಬೋರಲು ಮಲಗಿ ರೈಫಲ್ ಹಿಡಿದಿರ್ತಾನೆ. ಪರದೆ ಮೇಲೆ '600 ಗಜ' ಅಂತ ಅಕ್ಷರ ಮೂಡುತ್ತೆ, ಢಂ ಅನ್ನುತ್ತೆ, ಪ್ರಾಣಿ ಉರುಳುತ್ತೆ. ಕೆಳಗೆ ಸಾವಿರಾರು ಲೈಕು. ಪ್ರಾಣಿಯ ಹೆಸರು ಕಯೋಟಿ. ನೋಡಿದವರೆಲ್ಲ ಹೊಗಳುವುದು ಅವನ ಗುರಿಯನ್ನು.

ನನ್ನ ಪ್ರಕಾರ ಅಲ್ಲಿ ಗುರಿಯದು ಎರಡನೇ ಮಾತು. ಅಷ್ಟು ದೂರದ ಹೊಡೆತದಲ್ಲಿ ಗೆಲ್ಲಿಸುವುದೂ ಸೋಲಿಸುವುದೂ ದೂರದ ಲೆಕ್ಕ. ಕೈ ಎಷ್ಟೇ ಗಟ್ಟಿ ಇರಲಿ, ಪ್ರಾಣಿ ಎಷ್ಟು ದೂರದಲ್ಲಿದೆ ಅನ್ನೋದು ತಪ್ಪಾದರೆ ಗುಂಡು ತಪ್ಪಾದ ಜಾಗಕ್ಕೇ ಹೋಗುತ್ತೆ. ದೂರವನ್ನು ಅಳೆಯದೆ, ಬರೀ ಕಣ್ಣಂದಾಜಿನ ಮೇಲೆ ಹಾರಿಸುವ ಗುಂಡು ಬೇಟೆಯೂ ಅಲ್ಲ, ಕುರಿ ಕಾಯುವ ಕೆಲಸವೂ ಅಲ್ಲ. ಅದು ಪ್ರಾಣಿಯ ಕಾಲು ಮುರಿಯುವ ಕೆಲಸ.

ಮುಂದೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಇದು ಅಲ್ಲಿನ ಕಥೆ. ವ್ಯೋಮಿಂಗ್‌ನಂಥ ರಾಜ್ಯದಲ್ಲಿ ಕಯೋಟಿಯನ್ನು ಕಾನೂನೇ 'ಪರಭಕ್ಷಕ ಪ್ರಾಣಿ' ಅಂತ ಪಟ್ಟಿ ಮಾಡಿದೆ, ವರ್ಷವಿಡೀ ಹೊಡೆಯಬಹುದು. ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನರಿ, ತೋಳ ಎರಡೂ ಸಂರಕ್ಷಿತ. ತೋಳ ಒಂದನೇ ಷೆಡ್ಯೂಲಿನಲ್ಲಿದೆ, ಅದನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಇದೆ. ಹಾಗಾಗಿ ಆ ವಿಡಿಯೋ ನೋಡಿ ಇಲ್ಲಿ ಯಾರೂ ಮೈಮೇಲೆ ಎಳೆದುಕೊಳ್ಳಬೇಡಿ. ಮತ್ತೆ ಯಾಕೆ ಬರೀತಿದೀನಿ ಅಂದ್ರೆ, ಆ ವಿಡಿಯೋಗಳನ್ನು ನಮ್ಮ ಹುಡುಗರು ನೋಡೇ ನೋಡ್ತಾರೆ, ಅದರಲ್ಲಿ ಕಾಣದ ಲೆಕ್ಕವನ್ನು ಯಾರಾದರೂ ಹೇಳಬೇಕು. ಜೊತೆಗೆ, ಅಲ್ಲಿ ಕಣ್ಣು ಮಾಡುವ ಮೋಸವನ್ನೇ ನಮ್ಮ ಹೊಲದಲ್ಲೂ ಕಣ್ಣು ದಿನಾ ಮಾಡ್ತಾ ಇರುತ್ತೆ.

ಕಯೋಟಿ ಅಂದ್ರೆ ಎಷ್ಟು ದೊಡ್ಡದು?

ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಒಂದು ಕಯೋಟಿ 9ರಿಂದ 16 ಕಿಲೋ ತೂಗಬಹುದು. ಚಳಿಗಾಲದಲ್ಲಿ ಮೈತುಂಬ ದಟ್ಟ ಕೂದಲು ಬಂದಾಗ ದೊಡ್ಡ ನಾಯಿಯಷ್ಟು ಕಾಣುತ್ತೆ. ಕೂದಲೊಳಗಿನ ದೇಹ ಮಾತ್ರ ಸಣ್ಣದು. ಬೆನ್ನಿನಿಂದ ಎದೆಯ ತಳದವರೆಗೆ ಅಳೆದರೆ 20ರಿಂದ 25 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಗೇಣು. ಒಂದೇ ಗುಂಡಿಗೆ, ನರಳದೆ ಸಾಯಬೇಕು ಅಂದರೆ ಆ ಒಂದು ಗೇಣಿನ ಎದೆಗೇ ಬೀಳಬೇಕು. ಮೇಲೆ ಹೋದರೆ ಗಾಳಿ, ಕೆಳಗೆ ಹೋದರೆ ಕಾಲು.

ಕುರಿ ಸಾಕುವವರಿಗೆ ಅದು ನಿಜವಾದ ಶತ್ರು ಅನ್ನೋದನ್ನು ಒಪ್ಪಲೇಬೇಕು. ಅಮೆರಿಕದಲ್ಲಿ ಕಾಡುಪ್ರಾಣಿಗಳಿಂದ ಸಾಯುವ ಕುರಿ, ಕುರಿಮರಿಗಳಲ್ಲಿ ಅತಿ ಹೆಚ್ಚು ಸಾಯುವುದು ಕಯೋಟಿ ಬಾಯಿಗೆ ಸಿಕ್ಕಿ. ಅಲ್ಲಿ ಕುರಿ ಮರಿ ಹಾಕುವುದು ಹೆಚ್ಚಾಗಿ ವಸಂತದಲ್ಲಿ, ಕಯೋಟಿ ಮರಿ ಸಾಕುವುದೂ ಅದೇ ಹೊತ್ತಿಗೆ. ಬೆಳಗಾಗೆದ್ದು ದೊಡ್ಡಿಗೆ ಹೋದರೆ ಕತ್ತು ಕಚ್ಚಿಸಿಕೊಂಡು ಸತ್ತ ಮರಿ ಕಾಣುವ ನೋವು ಯಾವ ದೇಶದ ಕುರಿಗಾರನಿಗೂ ಒಂದೇ. ಆದ್ದರಿಂದ ಅವರು ಕೋವಿ ಎತ್ತುವುದರ ಬಗ್ಗೆ ನನ್ನ ತಕರಾರಿಲ್ಲ. ದೂರ ಗೊತ್ತಿಲ್ಲದೆ ಎತ್ತುವುದರ ಬಗ್ಗೆ ಮಾತ್ರ.

ಗುಂಡಿನ ಲೆಕ್ಕ

ತುಂಬ ಜನ ಗುಂಡು ಗೆರೆ ಎಳೆದ ಹಾಗೆ ನೇರ ಹೋಗುತ್ತೆ ಅಂದುಕೊಂಡಿದ್ದಾರೆ. ಹೋಗಲ್ಲ. ನಳಿಗೆ ಬಿಟ್ಟ ಕ್ಷಣದಿಂದಲೇ ಅದು ಬೀಳೋಕೆ ಶುರು ಮಾಡುತ್ತೆ, ಮರದಿಂದ ತೆಂಗಿನಕಾಯಿ ಬಿದ್ದ ಹಾಗೆಯೇ. ವ್ಯತ್ಯಾಸ ಏನಪ್ಪಾ ಅಂದ್ರೆ ಬೀಳ್ತಾ ಬೀಳ್ತಾ ಮುಂದಕ್ಕೂ ಬಹಳ ವೇಗವಾಗಿ ಹೋಗ್ತಿರುತ್ತೆ.

ಕಯೋಟಿ ಬೇಟೆಗೆ ಅಲ್ಲಿ ಹೆಚ್ಚು ಬಳಸುವ ಒಂದು ತೋಟಾ .223 ರೆಮಿಂಗ್ಟನ್. ಅದರ ಹಗುರ ಗುಂಡು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಹೊರಡುತ್ತೆ. ಮೊದಲ 100 ಗಜ ದಾಟೋಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗಾಳಿಯ ತಡೆಗೆ ವೇಗ ಇಳೀತಾ ಹೋಗಿ, 400 ಗಜ ಮುಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಆಗಿರುತ್ತೆ. ಅರ್ಧ ಸೆಕೆಂಡಿನಲ್ಲಿ ತೆಂಗಿನಕಾಯಿ ಎಷ್ಟು ಬೀಳುತ್ತೆ? ಸುಮಾರು 1.2 ಮೀಟರ್. ಗುಂಡಿನ ಕಥೆಯೂ ಅಷ್ಟೇ. ಇದನ್ನು ಸರಿದೂಗಿಸೋಕೆ ಸ್ಕೋಪ್ ಕೂರಿಸುವಾಗ ನಳಿಗೆ ತುಸು ಮೇಲ್ಮುಖವಾಗಿರುವ ಹಾಗೆ ಹೊಂದಿಸ್ತಾರೆ. 200 ಗಜಕ್ಕೆ ಹೊಂದಿಸಿದರೆ, ಅಲ್ಲಿ ಸ್ಕೋಪಿನ ಅಡ್ಡಗೆರೆ ತೋರಿಸಿದ ಜಾಗಕ್ಕೇ ಗುಂಡು ಬೀಳುತ್ತೆ.

ಅಲ್ಲಿಂದಾಚೆಗೆ ನೋಡಿ. 300 ಗಜಕ್ಕೆ ಅದು ಗುರಿಯಿಂದ 16ರಿಂದ 22 ಸೆಂಟಿಮೀಟರ್ ಕೆಳಗೆ ಬೀಳುತ್ತೆ, ಗುಂಡಿನ ಆಕಾರದ ಮೇಲೆ ಹೆಚ್ಚು ಕಡಿಮೆ. 400 ಗಜಕ್ಕೆ 50ರಿಂದ 68 ಸೆಂಟಿಮೀಟರ್. ಅಂದರೆ ಒಂದು ಮೊಳಕ್ಕಿಂತ ಜಾಸ್ತಿ. 500 ಗಜಕ್ಕೆ ಒಂದು ಮೀಟರಿಗಿಂತ ಹೆಚ್ಚು. ದೂರ ಸಮನಾಗಿ ಏರಿದರೂ ಬೀಳುವುದು ಸಮನಾಗಿ ಏರಲ್ಲ, ಹೋಗ್ತಾ ಹೋಗ್ತಾ ಕಡಿದಾಗುತ್ತೆ. ವಿಷಯ ಇರೋದೇ ಇಲ್ಲಿ.

ಕಯೋಟಿ ನಿಂತಿರುವುದು 200 ಗಜದಲ್ಲಿ, ನೀವು ಅಂದಾಜಿಸಿದ್ದು 150 ಅಥವಾ 250 ಅಂತಿಟ್ಟುಕೊಳ್ಳಿ. ಏನೂ ಆಗಲ್ಲ. ಗುಂಡು ಒಂದು ಅಂಗೈ ಅಗಲ ಹೆಚ್ಚು ಕಡಿಮೆ ಆದೀತು, ಎದೆಯೊಳಗೇ ಬೀಳುತ್ತೆ. ಈಗ ಅದು ನಿಂತಿರುವುದು 400 ಗಜದಲ್ಲಿ, ನಿಮ್ಮ ಕಣ್ಣು ಹೇಳಿದ್ದು 340. ನೂರಕ್ಕೆ ಹದಿನೈದರಷ್ಟು ತಪ್ಪು. ಹೊಲದಲ್ಲಿ ನಾವು ಇಷ್ಟು ತಪ್ಪನ್ನು ತಪ್ಪು ಅಂತಲೇ ಕರೆಯಲ್ಲ. ಆದರೆ ಗುಂಡು ಸುಮಾರು 25 ಸೆಂಟಿಮೀಟರ್ ಕೆಳಗೆ ಬೀಳುತ್ತೆ. ಎದೆಯ ನಡುವಿಗೆ ಇಟ್ಟ ಗುರಿ ಎದೆಯನ್ನೇ ದಾಟಿ ಕೆಳಗಿಳಿದು ಕಾಲಿಗೆ ಹೋಗುತ್ತೆ. ಮೂರು ಕಾಲಿನಲ್ಲಿ ಕುಂಟುತ್ತಾ ಹಳ್ಳ ದಾಟಿ ಹೋದ ಪ್ರಾಣಿ ಮತ್ತೆ ಸಿಗಲ್ಲ. ವಿಡಿಯೋದಲ್ಲಿ ಅದನ್ನು ಹಾಕೋದೂ ಇಲ್ಲ.

400 ಗಜ ಅಂದರೆ ಎಷ್ಟು ಅಂತ ಮನಸ್ಸಿಗೆ ಬರಬೇಕಲ್ಲ? ಗಜ ಅಂದರೆ ಮೂರು ಅಡಿ, ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿದ್ದ ಅಳತೆ. ಕ್ರಿಕೆಟ್ ಪಿಚ್ 22 ಗಜ. ಹದಿನೆಂಟು ಪಿಚ್‌ಗಳನ್ನು ಒಂದರ ಹಿಂದೆ ಒಂದು ಇಟ್ಟರೆ 400 ಗಜದ ಹತ್ತಿರ ಬರುತ್ತೆ. ಮೀಟರ್ ಲೆಕ್ಕದಲ್ಲಿ 366. ಚಿನ್ನಸ್ವಾಮಿಯಲ್ಲಿ ಯಾರಾದರೂ 100 ಮೀಟರ್ ಸಿಕ್ಸ್ ಹೊಡೆದರೆ ಊರೆಲ್ಲ ಮಾತಾಡುತ್ತೆ. ಅಂಥ ಮೂರೂವರೆ ಸಿಕ್ಸ್ ದೂರದಲ್ಲಿ ನಿಂತ, ಒಂದು ಗೇಣು ಎದೆಯ ಪ್ರಾಣಿ ಇದು.

ಕಣ್ಣು ಯಾಕೆ ಮೋಸ ಹೋಗುತ್ತೆ

'ನಾವು ಹೊಲದಲ್ಲೇ ಹುಟ್ಟಿ ಬೆಳೆದವರು, ನಮ್ಮ ಕಣ್ಣಳತೆ ತಪ್ಪಲ್ಲ' ಅನ್ನುವ ಮಾತು ಅಲ್ಲೂ ಇದೆ, ಇಲ್ಲೂ ಇದೆ. ಕೂಗಳತೆ ದೂರದೊಳಗೆ ಅದು ನಿಜ ಇರಬಹುದು. ಆಚೆಗೆ ಹೋದ ಮೇಲೆ ಕಣ್ಣಿಗೆ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ. ಎರಡು ಕಣ್ಣು ಸೇರಿ ಆಳ ಗುರುತಿಸುವ ಶಕ್ತಿ ಹತ್ತಿರದ ವಸ್ತುಗಳಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ. ದೂರಕ್ಕೆ ಮಿದುಳು ಬೇರೆ ಸುಳಿವು ಹುಡುಕುತ್ತೆ. ನಡುವೆ ಮರ ಎಷ್ಟಿವೆ, ಬೇಲಿ ಕಂಬ ಎಷ್ಟು ಸಣ್ಣದಾಗಿ ಕಾಣ್ತಿದೆ, ಬಣ್ಣ ಎಷ್ಟು ಮಸುಕಾಗಿದೆ, ಹೀಗೆ. ಆ ಸುಳಿವುಗಳೇ ಇಲ್ಲದ ಕಡೆ ಅದು ಸುಮ್ಮನೆ ಒಂದು ಸಂಖ್ಯೆ ಕಟ್ಟಿ ಕೊಡುತ್ತೆ.

ಸೈನ್ಯದಲ್ಲಿ ದೂರ ಅಂದಾಜಿಸುವುದನ್ನು ಒಂದು ಪಾಠವಾಗಿಯೇ ಕಲಿಸ್ತಾರೆ. ಅಲ್ಲಿ ಹೇಳಿಕೊಡುವ ಸಂಗತಿಗಳು ಕಯೋಟಿ ಬಯಲಿಗೆ ನೇರ ಅನ್ವಯಿಸುತ್ತವೆ. ಬಿಸಿಲು ಚೆನ್ನಾಗಿದ್ದು, ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದರೆ ವಸ್ತು ಹತ್ತಿರ ಕಾಣುತ್ತೆ. ಹಿಮ, ನೀರು, ಒಂದೇ ಬಣ್ಣದ ಹುಲ್ಲುಗಾವಲು ಇವುಗಳ ಆಚೆ ನೋಡಿದರೂ ಹತ್ತಿರ ಕಾಣುತ್ತೆ. ನಡುವೆ ಕಣ್ಣಿಗೆ ಕಾಣದ ತಗ್ಗು ಇದ್ದರಂತೂ ಆ ತಗ್ಗಿನ ದೂರ ಲೆಕ್ಕಕ್ಕೇ ಬರಲ್ಲ. ಮೋಡ, ಮುಸ್ಸಂಜೆ, ಮಂಜು ಇದ್ದರೆ ಉಲ್ಟಾ, ದೂರ ಕಾಣುತ್ತೆ. ನೆಲಕ್ಕೆ ಮಲಗಿ ನೋಡಿದರೂ ಹಾಗೇ, ಪ್ರಾಣಿಯ ಅರ್ಧ ಮೈ ಮಾತ್ರ ಕಾಣ್ತಿದ್ದರೂ ಹಾಗೇ.

ಈಗ ಮೊದಲು ಹೇಳಿದ ವಿಡಿಯೋ ನೆನಪಿಸಿಕೊಳ್ಳಿ. ಹಿಮದ ಬಯಲು, ಕಣ್ಣು ಕುಕ್ಕುವ ಬಿಸಿಲು, ನಡುವೆ ಹಳ್ಳ. ಎಲ್ಲವೂ 'ಹತ್ತಿರ ಇದೆ' ಅಂತ ಸುಳ್ಳು ಹೇಳುವ ಸನ್ನಿವೇಶಗಳೇ. ಅದರ ಮೇಲೆ ದುರ್ಬೀನಿನಂಥ ಸ್ಕೋಪಿನಲ್ಲಿ ಕಣ್ಣಿಟ್ಟರೆ ಪ್ರಾಣಿ ಅಂಗಳದಲ್ಲೇ ನಿಂತಂತೆ ಕಾಣುತ್ತೆ. ಹತ್ತಿರ ಅಂದುಕೊಂಡು ಹೊಡೆದ ಗುಂಡು ಯಾವಾಗಲೂ ಕೆಳಗೇ ಬೀಳೋದು. ಕಾಲು ಮುರಿಯುವ ದಿಕ್ಕಿಗೇ ಕಣ್ಣು ತಪ್ಪು ಮಾಡುತ್ತೆ ಅನ್ನೋದು ಈ ವಿಷಯದ ಅತಿ ಕೆಟ್ಟ ಭಾಗ.

ಒಳ್ಳೆ ಬೇಟೆಗಾರ ಮೊದಲೇ ಅಳೆದಿಟ್ಟಿರ್ತಾನೆ

ಅಲ್ಲಿನ ಅನುಭವಸ್ಥ ರೈತರು ಕಯೋಟಿ ಕಂಡ ಮೇಲೆ ದೂರದ ಬಗ್ಗೆ ಯೋಚಿಸಲ್ಲ, ಕಾಣುವ ಮೊದಲೇ ಯೋಚಿಸಿರ್ತಾರೆ. ಕೂರುವ ಜಾಗಕ್ಕೆ ಬಂದ ತಕ್ಷಣ ಸುತ್ತಲಿನ ಗುರುತುಗಳನ್ನು ಅಳೆದು ಬರೆದಿಡ್ತಾರೆ. ಆ ಒಂಟಿ ಮರ 180, ಬೇಲಿ ಮೂಲೆ 260, ನೀರಿನ ತೊಟ್ಟಿ 310, ಬಂಡೆ 420. ಚೀಟಿಯಲ್ಲಿ ನಾಲ್ಕು ಗೆರೆ ಎಳೆದು ಒಂದು ಪುಟ್ಟ ನಕ್ಷೆ. ಪ್ರಾಣಿ ಬಂದಾಗ ಅದು ತೊಟ್ಟಿಯ ಈಚೆಯೋ ಆಚೆಯೋ ಅಂತ ನೋಡಿದರೆ ಸಾಕು. ಖರ್ಚಿಲ್ಲದ, ಬ್ಯಾಟರಿ ಬೇಡದ ಈ ಚೀಟಿಯನ್ನು ನಾನು ದುಬಾರಿ ಉಪಕರಣಗಳಿಗಿಂತ ಮೇಲೆ ಇಡ್ತೀನಿ.

ಅವರಿಗೆ ಇನ್ನೊಂದು ಅನುಕೂಲ ಇದೆ. 1785ರ ಭೂ ಕಾನೂನಿನ ನಂತರ ಅಮೆರಿಕದ ಮಧ್ಯ ಮತ್ತು ಪಶ್ಚಿಮದ ಬಹುಭಾಗ ಭೂಮಿಯನ್ನು ಚದುರಂಗದ ಮಣೆಯಂತೆ ಒಂದೊಂದು ಮೈಲಿ ಚೌಕವಾಗಿ ಅಳೆದಿದ್ದಾರೆ. ಒಂದು ಚೌಕಕ್ಕೆ 640 ಎಕರೆ. ಅದರ ಕಾಲುಭಾಗ 160 ಎಕರೆ, ಅದರ ಒಂದು ಬದಿ ಅರ್ಧ ಮೈಲಿ, ಅಂದರೆ 880 ಗಜ. ರಸ್ತೆ, ಬೇಲಿ ಎಷ್ಟೋ ಕಡೆ ಇದೇ ಗೆರೆಗಳ ಮೇಲೆ ಹೋಗುತ್ತವೆ. ನೆಬ್ರಾಸ್ಕಾ, ಕಾನ್ಸಾಸ್ ಕಡೆ ಉಪಗ್ರಹ ನಕ್ಷೆಯಲ್ಲಿ ನೋಡಿದರೆ ದೊಡ್ಡ ದೊಡ್ಡ ಹಸಿರು ವೃತ್ತ ಕಾಣುತ್ತವೆ. ಅವು ಸೆಂಟರ್ ಪಿವಟ್ ನೀರಾವರಿ. ಫ್ರಾಂಕ್ ಝೈಬಾಕ್ ಅನ್ನುವ ರೈತ 1952ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಡುವಿನ ಕಂಬದ ಸುತ್ತ ಗಾಲಿ ಮೇಲೆ ತಿರುಗುವ ಆ ಉದ್ದ ಪೈಪು ಸಾಮಾನ್ಯವಾಗಿ ಕಾಲು ಮೈಲಿ, 400 ಮೀಟರ್ ಹತ್ತಿರ. ಜೋಳ ಕಟಾವಾದ ಹೊಲದ ನಡುಗಂಬದ ಬಳಿ ಕೂತವನಿಗೆ ವೃತ್ತದ ಅಂಚು ಎಷ್ಟು ದೂರ ಅಂತ ಅಳೆಯದೆಯೇ ಗೊತ್ತು. ನೀರಾವರಿ ಪೈಪೇ ಅಳತೆಗೋಲು.

ಲೇಸರ್ ಇದ್ದರೆ ಸಾಕಾ?

ಸಾಲಲ್ಲ. ಲೇಸರ್ ರೇಂಜ್‌ಫೈಂಡರ್ ಅನ್ನೋದು ಅಂಗೈಯಲ್ಲಿ ಹಿಡಿಯುವ ಉಪಕರಣ, ನಮ್ಮಲ್ಲಿ ಗಾಲ್ಫ್ ಆಡುವವರ ಹತ್ತಿರ ನೋಡಬಹುದು. ಕಣ್ಣಿಗೆ ಕಾಣದ ಬೆಳಕಿನ ಮಿಂಚೊಂದನ್ನು ಕಳಿಸುತ್ತೆ, ಅದು ತಾಗಿ ವಾಪಸ್ ಬರೋಕೆ ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತೆ. 400 ಮೀಟರ್ ಹೋಗಿ ಬರೋಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಭಾಗವೂ ಬೇಡ. ಯಂತ್ರ ಅದ್ಭುತವೇ. ಅದನ್ನು ಹಿಡಿದವನಿಗೆ ಮಾತ್ರ ಅದರ ಮಿತಿ ಗೊತ್ತಿರಬೇಕು.

ಡಬ್ಬಿ ಮೇಲೆ '1000 ಗಜ' ಅಂತ ಬರೆದಿರೋದು ಬೆಳಕನ್ನು ಚೆನ್ನಾಗಿ ಹಿಂದಿರುಗಿಸುವ ಹೊಳೆಯುವ ಫಲಕಕ್ಕೆ. ಪ್ರಾಣಿಯ ಕೂದಲು ಬೆಳಕನ್ನು ನುಂಗುತ್ತೆ. ಕೂದಲಿನ ಮೇಲೆ ಅದರ ಅರ್ಧ ದೂರವೂ ಸಿಗದೇ ಹೋಗಬಹುದು. ಮಂಜು, ಮಳೆ, ದೂಳು ಇದ್ದರೆ ಇನ್ನೂ ಕಮ್ಮಿ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಲೇಸರ್ ಕಿರಣ ಸೂಜಿಮೊನೆಯಲ್ಲ, ಟಾರ್ಚಿನ ಬೆಳಕಿನಂತೆ ಹರಡುತ್ತೆ. 400 ಮೀಟರ್ ತಲುಪುವಾಗ ಸಾಮಾನ್ಯ ಉಪಕರಣದ ಕಿರಣ ಅರ್ಧ ಮೀಟರಿಗಿಂತ ಅಗಲವಾಗಿರುತ್ತೆ, ಕಯೋಟಿಯ ಎದೆ ಒಂದು ಗೇಣು. ಹಾಗಾದರೆ ಪರದೆಯ ಮೇಲೆ ಬಂದ ಸಂಖ್ಯೆ ಯಾರದು? ಕಯೋಟಿಯದಾ, ಮುಂದಿನ ಹುಲ್ಲಿನದಾ, ಹಿಂದಿನ ಗುಡ್ಡದ್ದಾ? ದಿಣ್ಣೆಯ ಅಂಚಿನಲ್ಲಿ ನಿಂತ ಪ್ರಾಣಿಗೆ ಗುರಿಯಿಟ್ಟರೆ ಕಿರಣ ಅದರ ತಲೆ ಮೇಲೆ ಹಾದು ನೂರಾರು ಗಜ ಹಿಂದಿನ ಬೆಟ್ಟವನ್ನು ಅಳೆದು ಬರಬಹುದು. ಸಂಖ್ಯೆ ಮಾತ್ರ ಬಹಳ ಧೈರ್ಯವಾಗಿ ಹೊಳೀತಿರುತ್ತೆ.

ತಿಳಿದವರು ಇದಕ್ಕೆ ಪ್ರಾಣಿಯ ಕಾಲ ಬುಡದ ನೆಲವನ್ನೋ, ಪಕ್ಕದ ಪೊದೆಯನ್ನೋ ಅಳೀತಾರೆ, ಮೂರು ಸಲ ಅಳೀತಾರೆ, ಮೂರೂ ಹೊಂದಿದರೆ ಮಾತ್ರ ನಂಬ್ತಾರೆ. ಇಲ್ಲೂ ಆ ಚೀಟಿ ಕೆಲಸಕ್ಕೆ ಬರುತ್ತೆ. ತೊಟ್ಟಿ 310 ಅಂತ ಮೊದಲೇ ಬರೆದಿದ್ದು, ಅದರ ಪಕ್ಕ ನಿಂತ ಪ್ರಾಣಿಗೆ ಯಂತ್ರ 520 ತೋರಿಸಿದರೆ ತಪ್ಪು ಯಾರದು ಅಂತ ತಕ್ಷಣ ಗೊತ್ತಾಗುತ್ತೆ.

ಸ್ಕೋಪಿನೊಳಗಿನ ಚುಕ್ಕಿ ಗೆರೆಗಳಿಂದ ದೂರ ಲೆಕ್ಕ ಹಾಕುವ ಹಳೆ ವಿಧಾನವೂ ಇದೆ. ಅದನ್ನು ಮಿಲ್ ಲೆಕ್ಕ ಅಂತಾರೆ. ಪ್ರಾಣಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಹಿಡಿದು ಹತ್ತರಿಂದ ಗುಣಿಸಿ, ಸ್ಕೋಪಿನಲ್ಲಿ ಅದು ಎಷ್ಟು ಮಿಲ್ ಕಾಣ್ತಿದೆಯೋ ಅದರಿಂದ ಭಾಗಿಸಿದರೆ ದೂರ ಮೀಟರಿನಲ್ಲಿ ಬರುತ್ತೆ. ಎದೆ 23 ಸೆಂಟಿಮೀಟರ್, ಕಂಡದ್ದು 0.6 ಮಿಲ್ ಅಂದರೆ 383 ಮೀಟರ್. ಕಾಗದದ ಮೇಲೆ ಚೆಂದ. ಆದರೆ 0.6 ನಿಜವಾಗಿ 0.7 ಆಗಿದ್ದರೆ? ದೂರ 329 ಮೀಟರ್. ಕೂದಲೆಳೆಯ ವ್ಯತ್ಯಾಸಕ್ಕೆ 54 ಮೀಟರ್ ಆಚೀಚೆ. ಅದರ ಜೊತೆ ಆ ಕಯೋಟಿಯ ಎದೆ 23 ಅಲ್ಲ, 20 ಇರಬಹುದು. ಚಳಿಗಾಲದ ಕೂದಲು ಸೇರಿ 28 ಕಾಣಬಹುದು. ಎಮ್ಮೆಯಷ್ಟು ದೊಡ್ಡ ಪ್ರಾಣಿಗೆ ಈ ಲೆಕ್ಕ ನಡೆದೀತು. ಇಷ್ಟು ಚಿಕ್ಕ ಪ್ರಾಣಿಗೆ ಇದನ್ನು ನಂಬಿ ಗುಂಡು ಹಾರಿಸುವುದು ನನಗೆ ಒಪ್ಪಿಗೆ ಇಲ್ಲ.

ಇಳಿಜಾರಿನ ಮಾತೊಂದು ಬಾಕಿ ಇದೆ. ಬೆಟ್ಟದ ಮೇಲಿಂದ ಕೆಳಗೆ ಹೊಡೆಯುವಾಗ ಲೇಸರ್ ಕೊಡುವುದು ಓರೆಯ ದೂರ. ಗುಂಡು ಬೀಳುವ ಲೆಕ್ಕಕ್ಕೆ ಬೇಕಾದದ್ದು ನೆಲಮಟ್ಟದ ಅಡ್ಡ ದೂರ. 30 ಡಿಗ್ರಿ ಇಳಿಜಾರಿನಲ್ಲಿ ಯಂತ್ರ 400 ಅಂದರೆ ಲೆಕ್ಕಕ್ಕೆ 346 ಹಿಡಿಯಬೇಕು. ಹೊಸ ಉಪಕರಣಗಳು ಇದನ್ನು ತಾವೇ ಮಾಡ್ತವೆ. ಆದರೆ ಯಾವ ಸಂಖ್ಯೆ ತೋರಿಸ್ತಿದೆ ಅಂತ ಹಿಡಿದವನಿಗೆ ಗೊತ್ತಿರಬೇಕು. ಗಾಳಿಯ ವಿಚಾರ ಇನ್ನೊಂದು ಲೇಖನದಷ್ಟಿದೆ. ಇಷ್ಟು ತಿಳಿದುಕೊಳ್ಳಿ: ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಆ ಹಗುರ ಗುಂಡನ್ನು 400 ಗಜದಲ್ಲಿ 40 ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ತಳ್ಳುತ್ತೆ. ದೂರ ಸರಿಯಾಗಿ ಸಿಕ್ಕರೂ ಪರೀಕ್ಷೆ ಮುಗಿಯಲ್ಲ.

ರಾತ್ರಿಯ ಥರ್ಮಲ್ ಸ್ಕೋಪುಗಳ ವಿಡಿಯೋ ಈಗ ಜಾಸ್ತಿ ಆಗಿವೆ. ಅದರಲ್ಲಿ ಬಿಸಿ ಇರುವುದೆಲ್ಲ ಬಿಳಿ ಗುಂಡಿಯಂತೆ ಕಾಣುತ್ತೆ. ಮರದ ಗಾತ್ರ, ಬಣ್ಣ, ನೆರಳು, ಹೀಗೆ ದೂರ ಹೇಳುವ ಯಾವ ಸುಳಿವೂ ಸರಿಯಾಗಿ ಇರಲ್ಲ. ದೂರ ತಪ್ಪಿದರೆ ಗಾತ್ರವೂ ತಪ್ಪುತ್ತೆ. ಹತ್ತಿರದ ಮೊಲ ದೂರದ ಕಯೋಟಿ ಆಗುತ್ತೆ. ದೂರದ ಕರು ಹತ್ತಿರದ ಕಯೋಟಿ ಆಗುತ್ತೆ. ಪಕ್ಕದ ಮನೆಯ ನಾಯಿಯೂ ಆಗಬಹುದು. ಲೇಸರ್ ಜೋಡಿಸದ ಥರ್ಮಲ್ ಸ್ಕೋಪಿನಲ್ಲಿ ದೂರಕ್ಕೆ ಹೊಡೆಯುವುದನ್ನು ನಾನಾಗಿದ್ದರೆ ಸರಾಸರಿ ನಿಷೇಧಿಸ್ತಿದ್ದೆ.

'ಅಳೆಯುವಷ್ಟರಲ್ಲಿ ಅದು ಓಡಿಹೋಗುತ್ತಲ್ಲ?'

ಇದು ನ್ಯಾಯವಾದ ಪ್ರಶ್ನೆ. ಮರಿ ಕಳೆದುಕೊಂಡವನಿಗೆ ನಿಂತು ಲೆಕ್ಕ ಹಾಕುವ ತಾಳ್ಮೆ ಎಲ್ಲಿಂದ ಬರಬೇಕು? ಓಡಿಹೋದರೆ ಇವತ್ತು ರಾತ್ರಿ ಇನ್ನೊಂದು ಮರಿ ಹೋಗುತ್ತೆ.

ಹೋಗಬಹುದು. ಆದರೆ ತಪ್ಪಿದ ಗುಂಡಿನಿಂದಲೂ ಆ ಮರಿ ಉಳಿಯಲ್ಲ. ಒಂದು ಸಲ ಗುಂಡಿನಿಂದ ತಪ್ಪಿಸಿಕೊಂಡ ಕಯೋಟಿ ಪಾಠ ಕಲಿಯುತ್ತೆ, ಆಮೇಲೆ ಕೂಗಿ ಕರೆದರೂ ಹತ್ತಿರ ಬರಲ್ಲ ಅಂತ ಅಲ್ಲಿನ ಬೇಟೆಗಾರರೇ ಗೊಣಗ್ತಾರೆ. ಕೂಗಿ ಕರೆಯೋದು ಅಂದರೆ, ಗಾಯಗೊಂಡ ಮೊಲದ ಹಾಗೆ ಸದ್ದು ಮಾಡಿ ಅದನ್ನು ಹತ್ತಿರಕ್ಕೆ ಬರಿಸುವ ವಿದ್ಯೆ. ಗಾಳಿಗೆ ಎದುರಾಗಿ, ಅಲುಗಾಡದೆ ಕೂತು, 100 ಗಜದೊಳಗೆ ಬರುವ ತನಕ ಕಾಯುವುದು. ಆ ದೂರದಲ್ಲಿ ಕಣ್ಣಳತೆ ತಪ್ಪಿದರೂ ಗುಂಡು ತಪ್ಪಲ್ಲ. 600 ಗಜ ಹೊಡೆದವನಿಗಿಂತ, 600 ಗಜದಲ್ಲಿದ್ದದ್ದನ್ನು 60ಕ್ಕೆ ತಂದವನೇ ನನ್ನ ಕಣ್ಣಿಗೆ ದೊಡ್ಡ ಬೇಟೆಗಾರ. ಅಂಥ ವಿಡಿಯೋಗೆ ಲೈಕು ಕಮ್ಮಿ, ಏನ್ಮಾಡೋದು.

ಇನ್ನೊಂದು ವಿಷಯ. ದೂರದಲ್ಲಿ ಕಂಡ ಕಯೋಟಿಯೇ ಮರಿ ತಿಂದದ್ದು ಅಂತ ಹೇಗೆ ಗೊತ್ತು? ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದ ಅಧ್ಯಯನಗಳಲ್ಲಿ, ಕುರಿಮರಿಗಳನ್ನು ಕೊಲ್ಲುವುದು ಹೆಚ್ಚಾಗಿ ಆ ಜಾಗದಲ್ಲಿ ನೆಲೆಯೂರಿದ, ಮರಿ ಹಾಕುವ ಜೋಡಿಗಳೇ ಅಂತ ಕಂಡುಬಂತು. ಸಿಕ್ಕ ಸಿಕ್ಕದ್ದಕ್ಕೆ ಹೊಡೆದರೆ ತಿಂದದ್ದು ಉಳಿದು ತಿನ್ನದೇ ಇದ್ದದ್ದು ಸಾಯಬಹುದು. 1975ರಲ್ಲಿ ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಅನ್ನುವ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದು ಇನ್ನೂ ಸ್ವಾರಸ್ಯ: ಪ್ರತಿ ವರ್ಷ ನೂರಕ್ಕೆ 75 ಕಯೋಟಿ ಕೊಂದರೂ ಅವು ನಿರ್ನಾಮ ಆಗೋಕೆ 50 ವರ್ಷಕ್ಕಿಂತ ಹೆಚ್ಚು ಬೇಕು. ಸಂಖ್ಯೆ ಕಮ್ಮಿ ಆದರೆ ಉಳಿದವು ಹೆಚ್ಚು ಮರಿ ಹಾಕ್ತವೆ. ಹಾಗಾಗಿಯೇ ಅಲ್ಲಿನ ಎಷ್ಟೋ ಕುರಿಗಾರರು ಗ್ರೇಟ್ ಪಿರನೀಸ್‌ನಂಥ ಕಾವಲು ನಾಯಿ, ಕತ್ತೆ, ಲಾಮಾ ಇಟ್ಟುಕೊಂಡಿದ್ದಾರೆ. ಹಿಂಡಿನ ಜೊತೆ ನಾಯಿ ಇಟ್ಟುಕೊಳ್ಳುವ ನಮ್ಮ ಕುರಿಗಾಹಿಗಳಿಗೆ ಇದರಲ್ಲಿ ಹೊಸದೇನೂ ಇಲ್ಲ ಬಿಡಿ.

ಕೊನೆಯದಾಗಿ, ತಪ್ಪಿದ ಗುಂಡು ಎಲ್ಲೋ ಒಂದು ಕಡೆ ಬೀಳಲೇಬೇಕು. ಕಯೋಟಿಯ ಹಿಂದೆ ಮಣ್ಣಿನ ದಿಣ್ಣೆ ಇದೆಯೋ, ರಸ್ತೆ ಇದೆಯೋ, ಇನ್ನೊಬ್ಬನ ದನ ಮೇಯ್ತಿದೆಯೋ ನೋಡಿಕೊಳ್ಳದೆ ಟ್ರಿಗರ್ ಮುಟ್ಟಬಾರದು ಅಂತ ಅಲ್ಲಿ ಬೇಟೆ ತರಬೇತಿಯ ಮೊದಲ ದಿನವೇ ಕಲಿಸ್ತಾರೆ. ಪ್ರಾಣಿಯ ದೂರವೇ ಗೊತ್ತಿಲ್ಲದವನಿಗೆ ಅದರ ಹಿಂದಿನ ಮನೆಯ ದೂರ ಗೊತ್ತಿರುತ್ತಾ?

ನಮ್ಮ ಹೊಲದಲ್ಲಿ

ಮಲೆನಾಡು, ಕೊಡಗಿನ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಎಷ್ಟೋ ಮನೆಗಳಲ್ಲಿದೆ. ಹೆಚ್ಚಿನವು ಒಂಟಿ ನಳಿಗೆ, ಜೋಡುನಳಿಗೆ ಚರೆ ಕೋವಿಗಳು. ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿ ಹೊಡೆಯೋಕೆ ಲೈಸೆನ್ಸ್ ಸಿಕ್ಕಿತು ಅಂತ ಅಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೇ ಬೇರೆ. ಚರೆ 35–40 ಗಜ ದಾಟಿದ ಮೇಲೆ ಹರಡಿಕೊಂಡು ಶಕ್ತಿ ಕಳೆದುಕೊಳ್ಳುತ್ತೆ. ಕತ್ತಲಲ್ಲಿ, ಟಾರ್ಚ್ ಬೆಳಕಲ್ಲಿ 40 ಗಜ ಯಾವುದು, 70 ಗಜ ಯಾವುದು ಅಂತ ಹೇಳೋಕೆ ಆಗುತ್ತಾ? ಹೆದರಿಸೋಕೆ ಹಾರಿಸುವಾಗಲೂ ತೋಟದ ಅಂಚಿನ ಲೈನ್‌ಮನೆ ಎಷ್ಟು ಗಜ ಅಂತ ಹಗಲಲ್ಲೇ ಅಳೆದಿಟ್ಟುಕೊಂಡಿರಬೇಕು.

ಕೋವಿಯೇ ಇಲ್ಲದವರಿಗೂ ಈ ಲೆಕ್ಕ ಬೇಕು. ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿಸ್ತೀರಿ ಅಂತಿಟ್ಟುಕೊಳ್ಳಿ. ಚೌಕಾಕಾರದ ಎರಡು ಎಕರೆಗೆ ಸುತ್ತಳತೆ 360 ಮೀಟರ್. ಐದು ಸಾಲು ತಂತಿ ಅಂದರೆ 1800 ಮೀಟರ್. ಕಣ್ಣಳತೆಯಲ್ಲಿ ಅದೇ ಹದಿನೈದು ಪರ್ಸೆಂಟ್ ಕಮ್ಮಿ ಹಿಡಿದರೆ 270 ಮೀಟರ್ ತಂತಿ ಸಾಲದೆ ಬರುತ್ತೆ, ಪೇಟೆಗೆ ಇನ್ನೊಂದು ಸಲ ಗಾಡಿ.

ಕಣ್ಣು ಪಳಗಿಸೋಕೆ ಬೇಟೆ ಬೇಕಾಗಿಲ್ಲ, ಫೋನ್ ಇದ್ದರೆ ಸಾಕು. ಬದುವಿನ ಮೇಲೆ ನಿಂತು ಒಂದು ಮರ ನೋಡಿ, ಎಷ್ಟು ಮೀಟರ್ ಅಂತ ಮೊದಲು ಬರೆದುಕೊಳ್ಳಿ. ಬರೆಯದೆ ಇದ್ದರೆ ಆಮೇಲೆ ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೆ. ಆಮೇಲೆ ಗೂಗಲ್ ಮ್ಯಾಪ್ಸ್‌ನ ಉಪಗ್ರಹ ನೋಟದಲ್ಲಿ ನೀವು ನಿಂತ ಜಾಗವನ್ನು ಒತ್ತಿ ಹಿಡಿದು, ದೂರ ಅಳೆಯುವ ಆಯ್ಕೆ ಒತ್ತಿ, ಗುರುತನ್ನು ಮರದ ಮೇಲೆ ತನ್ನಿ. ನಿಮ್ಮ ಅಂದಾಜಿನ ಪಕ್ಕ ನಿಜವಾದ ಸಂಖ್ಯೆ ಬರೆಯಿರಿ. ಇದನ್ನು ಬೆಳಗ್ಗೆ ಬಿಸಿಲು ಬೆನ್ನಿಗಿರುವಾಗ ಒಮ್ಮೆ, ಮುಸ್ಸಂಜೆಗೆ ಒಮ್ಮೆ, ಕೆರೆಯ ಈ ದಡದಿಂದ ಆ ದಡಕ್ಕೆ ಒಮ್ಮೆ ಮಾಡಿ. ಗುಂಟೆಯ ಬದಿ 33 ಅಡಿ, ಅಂದರೆ 11 ಗಜ ಅನ್ನೋದು ನೆನಪಿದ್ದರೆ ಹತ್ತಿರದ ದೂರಕ್ಕೆ ಅದೇ ಅಳತೆಗೋಲು. ಕೆರೆ ದಡದ ಸಂಖ್ಯೆಯಲ್ಲೇ ಹೆಚ್ಚಿನವರ ಅಂದಾಜು ಕಮ್ಮಿ ಬಂದಿರುತ್ತೆ. ನಿಮ್ಮದು ಎಷ್ಟು ಬಂತು ನೋಡಿ.